ಮೇಮೆ ಅಂಗ್ದುಸ್ ದೀಪ ಚಟಗುಟ್ಟಿದ ಪ್ರಸಂಗ

ಮುತುಪ್‌ಗೆ ದಾರಿ ಗೊತ್ತಿರಲಿಲ್ಲ. ಈ ಸಂಗತಿ ನಮ್ಮ ಛುಮಿಕ್ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಮುತುಪ್‌ ಒಬ್ಬನಿಗೇ.

ಅವನ ಮನೆಯ ಮೇಲಂತಸ್ತಿನಲ್ಲಿ ಪ್ರವಾಸಿಗಳಿಗೆಂದು ಎರಡು ಕೋಣೆಗಳಿವೆ. ಬೇಸಿಗೆ ಬಂತೆಂದರೆ ಬೆನ್ನಿಗೆ ಚೀಲ ಕಟ್ಟಿಕೊಂಡ ವಿದೇಶಿಯರು ಬಂದು ಇಳಿಯುತ್ತಾರೆ. ಟಕ್ಮರ್ ಗೊಂಪದಿಂದ ಶರ್ಲಿಂಗ್ ಗೊಂಪಕ್ಕೆ, ಅಲ್ಲಿಂದ ದೊಡ್ಡ ಘಾಟಿ ಹತ್ತಿ ಗೊಂಗ್ಮಾ ಗೊಂಪಕ್ಕೆ, ಹೀಗೆ ಮಠದಿಂದ ಮಠಕ್ಕೆ ನಡೆಯುವುದು ಅವರ ಹುಚ್ಚು. ಜೀಪು ಹೋಗುವ ರಸ್ತೆ ಇದ್ದೂ ನಡೆಯುತ್ತಾರಲ್ಲ, ಅವರಿಗೆ ಹುಚ್ಚು ಎನ್ನದೆ ಇನ್ನೇನು ಅನ್ನಬೇಕು! ಮುತುಪ್ ಮಾಡಿನ ಮೇಲೆ ನಿಂತು, ತೋಳು ಹಿಂದಕ್ಕೆ ಸರಿಸಿ, ಬೆರಳು ಚಾಚಿ, ಎಲ್ಲಿ ಹಳ್ಳ, ಎಲ್ಲಿ ಸೇತುವೆ, ಯಾವ ಬಂಡೆಯ ಹತ್ತಿರ ಎಡಕ್ಕೆ ತಿರುಗಬೇಕು ಎಂದು ಅವರಿಗೆ ಪಾಠ ಹೇಳುತ್ತಿದ್ದ. ಅವನು ಹುಟ್ಟಿದಾಗಿನಿಂದ ಆ ಮಠಗಳಿಗೆ ಹೋದದ್ದೆಲ್ಲ ಜೀಪಿನಲ್ಲಿ, ಅದೂ ಹಿಂದಿನ ಸೀಟಿನಲ್ಲಿ, ನಿದ್ದೆ ಮಾಡಿಕೊಂಡು.

ಅವನ ಹೆಂಡತಿ ಯಾಂಗ್ಡೋಲ್ ಕೆಳಗಿನಿಂದ ಕೂಗುತ್ತಿದ್ದಳು. "ಪಾಪ, ಅವ್ರಿಗೂ ತಾಯಿತಂದೆ ಇರ್ತಾರೆ ಕಣ್ರೀ! ಕಳಿಸೋದೇನೋ ಕಳಿಸ್ತೀರ, ವಾಪಸ್ ಬರೋ ದಾರೀನೂ ಒಂಚೂರು ಹೇಳಿ!"

ಹೀಗಿರುವಾಗ ಮೇಮೆ ಅಂಗ್ದುಸ್ ತೀರಿಕೊಂಡ. ಮೇಮೆ ಎಂದರೆ ಅಜ್ಜ. ಅವನು ಊರಿಗೆಲ್ಲ ಅಜ್ಜನೇ, ಸ್ವಂತ ಮಕ್ಕಳಿರಲಿಲ್ಲ. ಅವನ ಹೆಂಡತಿ ಕುಂಝೆಸ್, ಅವಳೂ ಊರಿಗೆಲ್ಲ ಅಬಿ, ಅಜ್ಜಿ. ಸತ್ತವನ ಜೀವ ನಲವತ್ತೊಂಬತ್ತು ದಿನ ಅಲ್ಲಿ ಇಲ್ಲಿ ಅಲೆಯುತ್ತದೆ, ಕೊನೆಯ ದಿನ ಅದಕ್ಕೊಂದು ದೀಪ ಹಚ್ಚಿ ದಾರಿ ತೋರಿಸಬೇಕು. ಅಬಿಯ ಮನಸ್ಸಿನಲ್ಲಿದ್ದದ್ದು ಗೊಂಗ್ಮಾ ಗೊಂಪದ ದೀಪ. ಬೆಣ್ಣೆಯೂ ಅವಳದೇ. ತನ್ನ ಹಸುವಿನ ಹಾಲು ಕಡೆದು, ಕುರಿಯ ಚರ್ಮದ ಚೀಲದಲ್ಲಿ ತುಂಬಿ, ಬಾಯಿ ಹೊಲಿದು ಇಟ್ಟಿದ್ದಳು.

ಗೋಬಾ ಪಲ್ಜೊರ್ ನಮ್ಮೂರ ಮುಖಂಡ. ಅವನ ಮನೆಯಲ್ಲಿ ಸಭೆ ಸೇರಿತು. "ನಾಳೆ ಜೀಪು ಹೋಗುತ್ತೆ ಅಬಿ ಲೆ, ಡ್ರೈವರ್ ಕೈಲಿ ಕೊಟ್ಟು ಕಳಿಸೋಣ" ಎಂದ. ಹೆಸರಿನ ಹಿಂದೆ ಲೆ ಹಚ್ಚುವುದು ನಮ್ಮಲ್ಲಿ ಮರ್ಯಾದೆ.

ಅಬಿ ತಲೆ ಅಲ್ಲಾಡಿಸಿದಳು. "ನಮ್ಮ ಯಜಮಾನ್ರು ಬದುಕಿರೋವರ್ಗೂ ಗೊಂಗ್ಮಾಗೆ ನಡ್ಕೊಂಡೇ ಹೋದ್ರು. ಅವರ ಬೆಣ್ಣೆ ಜೀಪಲ್ಲಿ ಯಾಕೆ ಹೋಗ್ಬೇಕು? ಅವರು ಹೋದ ದಾರೀಲೇ ಹೋಗ್ಲಿ. ಮೂರು ಗೊಂಪದ ಬಾಗಿಲಿಗೂ ಮುಟ್ಟಿಸಿ, ಆಮೇಲೆ ಹಚ್ಚಲಿ."

ಎಲ್ಲರೂ ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು. ಕಾಲುದಾರಿ ಬಲ್ಲವರೆಲ್ಲ ಮುದುಕರಾಗಿದ್ದರು, ಉಳಿದವರೆಲ್ಲ ಜೀಪು ಬಲ್ಲವರು.

"ಯಾಕ್ರೀ ಯೋಚ್ನೆ?" ಎಂದ ಪಕ್ಕದ ಮನೆಯ ತರ್ಚಿನ್. ಅವನ ಬಾಯಿಗೆ ಬೀಗ ಇಲ್ಲ. "ಲೋಕಕ್ಕೆಲ್ಲ ದಾರಿ ತೋರ್ಸೋ ಪುಣ್ಯಾತ್ಮ ಇಲ್ಲೇ ಕೂತಿದಾನಲ್ಲ! ಏನಪ್ಪಾ ಮುತುಪ್, ಫ್ರಾನ್ಸಿನೋರಿಗೆ ಹೇಳೋ ದಾರಿ ಅಂಗ್ದುಸ್‌ಗೆ ಹೇಳಲ್ವಾ?"

ಸಭೆ ನಕ್ಕಿತು. ಮುತುಪ್‌ ಮುಖ ಕೆಂಪಾಯಿತು. ನಮ್ಮಲ್ಲಿ ಸಾಲಾಗಿ ಕೂರುವಾಗ ಯಾರು ಯಾರಿಗಿಂತ ಮೇಲೆ ಕೂರಬೇಕೆಂಬುದಕ್ಕೆ ಲೆಕ್ಕವಿದೆ, ಮುತುಪ್ ಅಂದು ತನ್ನ ಜಾಗಕ್ಕಿಂತ ಎರಡಾಳು ಮೇಲೆ ಕೂತಿದ್ದ. ಅಷ್ಟು ಮೇಲೆ ಕೂತು ಇಲ್ಲ ಎನ್ನುವುದು ಹೇಗೆ?

"ಹೋಗ್ತೀನಿ. ಅದೇನು ಮಹಾ!" ಎಂದ.

ಯಾಂಗ್ಡೋಲ್ ಹೆಂಗಸರ ಸಾಲಿನಿಂದ ಹಣೆ ಚಚ್ಚಿಕೊಂಡಳು. "ಇವ್ರಿಗೆ ಹಿತ್ತಲಿಗೆ ಹೋದ್ರೆ ದಾರಿ ತಪ್ಪುತ್ತೆ ಅಬಿ ಲೆ!"

ಆದರೆ ಅಬಿ ಎದ್ದು ಬಂದು ಮುತುಪ್‌ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಿದ್ದಳು. ಅಲ್ಲಿಗೆ ಮಾತು ಮುಗಿಯಿತು.

ಮುತುಪ್ ಹೊರಟ. ಟಕ್ಮರ್‌ವರೆಗಿನ ದಾರಿ ನಮ್ಮ ಮಾಡಿನಿಂದಲೇ ಕಾಣುತ್ತದೆ, ಹಾಗಾಗಿ ತಪ್ಪಲಿಲ್ಲ. ತಪ್ಪಿದ್ದು ಮಣಿ ಗೋಡೆಯ ಹತ್ತಿರ. ಮಂತ್ರ ಕೆತ್ತಿದ ಕಲ್ಲುಗಳ ಆ ಗೋಡೆಯನ್ನು ಬಲಕ್ಕಿಟ್ಟುಕೊಂಡು ದಾಟಬೇಕೆಂದು ನಮ್ಮಲ್ಲಿ ಕತ್ತೆಗೂ ಗೊತ್ತು. ಮುತುಪ್ ಉಸಿರು ಬಿಡುವ ಗಲಾಟೆಯಲ್ಲಿ ಎಡಕ್ಕಿಟ್ಟುಕೊಂಡು ಹೊರಟ, ಅರ್ಧ ಗೋಡೆ ದಾಟಿದ ಮೇಲೆ ನೆನಪಾಗಿ ಹಿಂದಕ್ಕೆ ಬಂದ, ಮತ್ತೆ ಸರಿಯಾದ ಕಡೆಯಿಂದ ಹೊರಟ. ನಾವೆಲ್ಲ ಮಾಡಿನ ಮೇಲೆ ನಿಂತು ನೋಡುತ್ತಿದ್ದೆವು. "ಶುರುವಾಯ್ತು" ಎಂದಳು ಯಾಂಗ್ಡೋಲ್.

ಟಕ್ಮರ್ ಗೊಂಪದ ಬಾಗಿಲಿಗೆ ಬೆಣ್ಣೆ ಮುಟ್ಟಿಸಿ ದಾಟಿದ ಮೇಲೆ ಹಳ್ಳ ಬಂತು, ಸೇತುವೆ ಬರಲಿಲ್ಲ. ಮುತುಪ್ ದಂಡೆಯಲ್ಲಿ ನಿಂತು ಸೇತುವೆ ಇರಬೇಕಾದ ಜಾಗವನ್ನು ನೋಡುತ್ತಿದ್ದಾಗ, ಆಚೆ ದಡದಿಂದ ಇಬ್ಬರು ವಿದೇಶಿಯರು ಕೈ ಬೀಸಿದರು. ಹೋದ ವಾರ ಅವನ ಮನೆಯಲ್ಲೇ ಉಳಿದಿದ್ದ ಗಂಡಹೆಂಡತಿ.

"ಮುತುಪ್ ಲೆ, ಜುಲೆ! ನೀವು ಹೇಳಿದ ಕಡೆ ಸೇತುವೆ ಇಲ್ಲ! ಎರಡು ದಿನ ಹುಡುಕಿದ್ವಿ! ಮೇಲ್ಗಡೆ ಇದೆ, ಬನ್ನಿ, ತೋರಿಸ್ತೀವಿ!"

ಅವರು ಕೈಹಿಡಿದು ಮುತುಪ್‌ನನ್ನು ಹಳ್ಳ ದಾಟಿಸಿದರು. ಮುಂದಿನ ದಾರಿಯನ್ನು ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ನಮ್ಮ ದೇಶದ ಬೆಟ್ಟದಲ್ಲಿ ನಮ್ಮೂರವನಿಗೆ ಅವರು ದಾರಿ ಹೇಳಿಕೊಟ್ಟರು! ಮುತುಪ್ "ಗೊತ್ತು, ಗೊತ್ತು" ಎನ್ನುತ್ತಲೇ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡ.

ಶರ್ಲಿಂಗ್ ಗೊಂಪದ ಬಾಗಿಲಿಗೆ ಬೆಣ್ಣೆ ಮುಟ್ಟಿಸಿ, ಘಾಟಿಯ ಬುಡದ ಹಳ್ಳಿಗೆ ಬರುವ ಹೊತ್ತಿಗೆ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಕಂಡ ಮೊದಲ ಮನೆಗೆ ನುಗ್ಗಿದ. ಅದು ಲ್ಹಾಝೆಸ್ ಎಂಬ ಹೆಂಗಸಿನ ಮನೆ. ದಾರಿಹೋಕರಿಗೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಮುತುಪ್ ಅಡುಗೆಮನೆಗೆ ಬಂದವನೇ ಚರ್ಮದ ಚೀಲವನ್ನು ನಡುಗಂಬದ ಬುಡದಲ್ಲಿ ಇಳಿಸಿ, ಜಮಖಾನದ ಮೇಲೆ ಉರುಳಿಕೊಂಡ.

ಅನಾಹುತ ಆದದ್ದು ಇಲ್ಲೇ. ನಮ್ಮಲ್ಲಿ ಒಬ್ಬರ ಮನೆಗೆ ಬಂದವರು ಬರಿಗೈಯಲ್ಲಿ ಬರಬಾರದು. ತಂದದ್ದನ್ನು ತಂದೆ ಎಂದು ಹೇಳಲೂಬಾರದು, ಸದ್ದಿಲ್ಲದೆ ನಡುಗಂಬದ ಬುಡದಲ್ಲಿ ಇಡಬೇಕು. ಮನೆಯವರು ಅದನ್ನು ನೋಡಲೂಬಾರದು, ಬಂದವರೆದುರು ಬಿಚ್ಚಲೂಬಾರದು, ಒಂದು ಮಾತೂ ಆಡಬಾರದು. ನಮ್ಮ ಹಿರಿಯರು ಮರ್ಯಾದೆಯನ್ನು ಇಷ್ಟು ನಾಜೂಕಾಗಿ ಕಟ್ಟಿಟ್ಟಿದ್ದಾರೆ. ಲ್ಹಾಝೆಸ್ ಮರ್ಯಾದಸ್ಥೆ. ಅವಳು ಚೀಲವನ್ನು ನೋಡಲೇ ಇಲ್ಲ. ನೋಡದೆಯೇ ಅದರಲ್ಲಿ ಬೆಣ್ಣೆ ಎಷ್ಟಿದೆಯೆಂದು ಅಂದಾಜು ಮಾಡಿದಳು. ಅವಳ ಹಸು ಬತ್ತಿ ಹೋಗಿತ್ತು. ಆ ಹಳ್ಳಿಯಲ್ಲಿ ಬಹಳ ದಿನದಿಂದ ಯಾರೂ ಬೆಣ್ಣೆಯ ಮುಖ ಕಂಡಿರಲಿಲ್ಲ.

ಮುತುಪ್ ಒಂದು ಗೊರಕೆ ಮುಗಿಸಿ ಏಳುವುದರೊಳಗೆ ಬೆಣ್ಣೆ, ಉಪ್ಪು ಹಾಕಿ ಕಡೆದ ನಮ್ಮ ಕಡೆಯ ಚಹಾ ಸಿದ್ಧವಾಗಿತ್ತು.

"ತಗೊಳ್ಳಿ ಆಚೋ ಲೆ" ಎಂದಳು ಲ್ಹಾಝೆಸ್. ಆಚೋ ಎಂದರೆ ಅಣ್ಣ.

"ಬೇಡಮ್ಮಾ, ಬೇಡ" ಎಂದ ಮುತುಪ್. ಬೇಡ ಎನ್ನುವುದು ನಮ್ಮ ಪದ್ಧತಿ. ಬೇಡ ಎಂದವನ ಬಟ್ಟಲಿಗೆ ಸುರಿಯುವುದು ಕೊಡುವವರ ಪದ್ಧತಿ.

ಒಂದು ಗುಟುಕು ಕುಡಿದ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಬಂಗಾರದ ಬಣ್ಣದ ಹನಿಗಳು ಮೇಲೆ ತೇಲುತ್ತಿದ್ದವು. ಬೆಟ್ಟದ ಹುಲ್ಲಿನ ಘಮ ಮೂಗಿಗೆ ಬರುತ್ತಿತ್ತು.

"ಆಹಾ! ಏನ್ ಬೆಣ್ಣೇಮ್ಮಾ ಇದು! ನನ್ನ ಜನ್ಮದಲ್ಲಿ ಇಂಥ ಚಹಾ ಕುಡಿದಿಲ್ಲ. ಯಾರ ಮನೇದು?"

ಲ್ಹಾಝೆಸ್ ನಕ್ಕಳು. "ಕೇಳ್ತಾರೆ ನೋಡಿ! ಒಳ್ಳೇ ತಮಾಷೆ ಮಾಡ್ತೀರ ಆಚೋ ಲೆ."

ಹೊರಗೆ ಬಾಗಿಲಲ್ಲಿ ಅಕ್ಕಪಕ್ಕದವರು ಸೇರಿದ್ದರು. ಲ್ಹಾಝೆಸ್ ಒಬ್ಬಳೇ ತಿನ್ನುವ ಜಾತಿಯಲ್ಲ, ಮನೆಮನೆಗೂ ಒಂದೊಂದು ಉಂಡೆ ಹಂಚಿದ್ದಳು. ಒಬ್ಬ ಹಲ್ಲಿಲ್ಲದ ಮುದುಕ ಬಂದು ಮುತುಪ್‌ನ ಮೊಣಕಾಲು ಮುಟ್ಟಿ, "ನಿನ್ನ ಹೊಟ್ಟೆ ತಣ್ಣಗಿರಲಪ್ಪಾ" ಎಂದ. ಮುತುಪ್‌ಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೆ ಯಾತ್ರೆ ಹೊರಟವನಿಗೆ ಜನ ಗೌರವ ಕೊಡುವುದು ಸಹಜವೇ ಎಂದು ಸಮಾಧಾನ ಮಾಡಿಕೊಂಡು ಇನ್ನೊಂದು ಬಟ್ಟಲು ಕುಡಿದ. ಬೆಳಗ್ಗೆ ಎದ್ದು ಮತ್ತೆ ಕುಡಿದ. ಪ್ರತಿ ಬಟ್ಟಲಿಗೂ ಬೇಡ ಎಂದ, ಪ್ರತಿ ಬಟ್ಟಲಿಗೂ ಆಹಾ ಎಂದ.

ಹೊರಡುವಾಗ ಲ್ಹಾಝೆಸ್ ಚರ್ಮದ ಚೀಲವನ್ನು ಅವನ ಬೆನ್ನಿಗೆ ತಾನೇ ಏರಿಸಿದಳು. ಉಬ್ಬಿಕೊಂಡೇ ಇತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂಬುದು ಇನ್ನೊಂದು ಪದ್ಧತಿ.

ಘಾಟಿ ಹತ್ತುವಾಗ ಮುತುಪ್‌ಗೆ ಒಂದು ಸಂತೋಷದ ವಿಷಯ ಹೊಳೆಯಿತು. ಹೊರೆ ಹಗುರವಾಗಿತ್ತು! ನಿನ್ನೆ ಭುಜ ಕಿತ್ತು ಬರುತ್ತಿದ್ದದ್ದು ಇಂದು ಹತ್ತಿಯಂತಿತ್ತು. 'ನಡೆದ ಮೇಲೆ ಮೈ ಪಳಗಿತು ನೋಡು' ಎಂದುಕೊಂಡ. 'ನಾನು ಹುಟ್ಟಾ ನಡೆಯುವವನೇ. ಇಷ್ಟು ದಿನ ಜೀಪಿನಲ್ಲಿ ಹೋಗಿ ಹಾಳಾದೆ.' ಈ ಹುಮ್ಮಸ್ಸಿನಲ್ಲಿ ಹಾಡು ಹೇಳಿಕೊಂಡು ನೆತ್ತಿ ತಲುಪಿದ.

ನೆತ್ತಿಯಲ್ಲಿ ಜೀಪಿನ ರಸ್ತೆ ಬಂದು ಕೂಡುತ್ತದೆ. ಅಲ್ಲೊಂದು ಚಹಾ ಡೇರೆ ಇದೆ. ಮುತುಪ್ ಕೂತು ಚೀಲದ ಮೇಲೆ ಪ್ರೀತಿಯಿಂದ ಕೈಯಾಡಿಸಿದ. ಒಳಗೆ ಗಟ್ಟಿ ಮುದ್ದೆಯ ಬದಲು ಏನೋ ಗುಳುಗುಳು ಉರುಳಿತು. ಬಾಯಿ ಬಿಚ್ಚಿ ನೋಡಿದ. ಒಣ ಜರ್ದಾಲು! ತೊಳೆದು ಒಣಗಿಸಿದ ಚೀಲದ ತುಂಬ, ಒಳ್ಳೊಳ್ಳೆಯದನ್ನೇ ಆರಿಸಿ ತುಂಬಿದ ಜರ್ದಾಲು ಹಣ್ಣು.

ಆಗ ಒಂದೊಂದೇ ನೆನಪಾಯಿತು. ನಡುಗಂಬ. ಹಲ್ಲಿಲ್ಲದ ಮುದುಕ. "ಒಳ್ಳೇ ತಮಾಷೆ ಮಾಡ್ತೀರ ಆಚೋ ಲೆ." ಬಂಗಾರದ ಹನಿಗಳು. ಮೇಮೆ ಅಂಗ್ದುಸ್‌ನ ದೀಪವನ್ನು ತಾನು ಬಟ್ಟಲುಗಟ್ಟಲೆ ಕುಡಿದು, ಆಹಾ ಎಂದು ಚಪ್ಪರಿಸಿದ್ದ! ಮುತುಪ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಹಿಂದಕ್ಕೆ ಹೋಗಿ ಕೇಳುವುದೇ? ಕೊಟ್ಟ ಉಡುಗೊರೆಯನ್ನು, ಅದೂ ಹಳ್ಳಿಯೆಲ್ಲ ತಿಂದು ಹರಸಿದ ಮೇಲೆ? ಮುಂದಕ್ಕೆ ಹೋಗಿ ಗೊಂಗ್ಮಾದಲ್ಲಿ ಬೆಣ್ಣೆ ಬೇಡುವುದೇ? ಅಲ್ಲಿ ನಮ್ಮ ಗೋಬಾನ ತಂಗಿ ಪಲ್ಮೊ ಇದ್ದಾಳೆ. ಅವಳ ಕಿವಿಗೆ ಬಿದ್ದದ್ದು ಆಕಾಶವಾಣಿಯಲ್ಲಿ ಬಂದಂತೆ. ಮಾರನೆಯ ದಿನ ನಲವತ್ತೊಂಬತ್ತನೆಯದು. ಬಿಸಿ ತುಪ್ಪ ನುಂಗಲೂ ಆಗದೆ ಉಗುಳಲೂ ಆಗದೆ ಅವನು ಡೇರೆಯವನ ಮುಖ ನೋಡಿದ.

"ಬೆಣ್ಣೆ ಇದೆಯಾ?"

"ಪ್ಯಾಕೆಟ್ ಬೆಣ್ಣೆ ಇದೆ ಆಚೋ. ಬ್ರೆಡ್ಡಿಗೆ ಹಚ್ಚೋದು. ಉಪ್ಪು ಹಾಕಿರೋದು."

"ಎಷ್ಟಿದೆ?"

"ಎಷ್ಟು ಬ್ರೆಡ್ ತಿಂತೀರ?"

"ಇರೋದೆಲ್ಲ ಕೊಡು" ಎಂದ ಮುತುಪ್.

ಜರ್ದಾಲನ್ನು ಡೇರೆಯವನಿಗೇ ಸುರಿದುಕೊಟ್ಟು, ಡೇರೆಯ ಹಿಂದೆ ಕೂತು ಪ್ಯಾಕೆಟ್ಟುಗಳನ್ನೆಲ್ಲ ಬಿಚ್ಚಿ, ಬೆಣ್ಣೆಯನ್ನು ಕೈಯಲ್ಲೇ ಮುದ್ದೆಮಾಡಿ ಚೀಲಕ್ಕೆ ತುಂಬಿದ. ಕಾಗದಗಳನ್ನು ನೆತ್ತಿಯ ಕಲ್ಲುರಾಶಿಯ ಕೆಳಗೆ ತುರುಕಿದ. ಘಾಟಿ ದಾಟುವವರು ಅಲ್ಲಿ ನಿಂತು ದೇವತೆಗಳಿಗೆ ಜಯವಾಗಲಿ ಎಂದು ಬೆಟ್ಟ ನಡುಗುವಂತೆ ಕೂಗಬೇಕು. ಮುತುಪ್ ಅದನ್ನು ಪಿಸುಮಾತಿನಲ್ಲಿ ಹೇಳಿ, ದೇವತೆಗಳಿಗೆ ಬೆನ್ನು ತಿರುಗಿಸದೆ ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಇಳಿದ.

ಗೊಂಗ್ಮಾ ಗೊಂಪದಲ್ಲಿ ಮಾರನೆಯ ಬೆಳಿಗ್ಗೆ ಜನ ಸೇರಿದರು. ಲಾಮಾಗಳು ಮಂತ್ರ ಶುರುಮಾಡಿದರು. ಮೇಮೆ ಅಂಗ್ದುಸ್‌ನ ಹೆಸರು ಹೇಳಿ ದೊಡ್ಡ ಹಿತ್ತಾಳೆ ದೀಪಕ್ಕೆ ಬೆಣ್ಣೆ ಕರಗಿಸಿ ಸುರಿದು ಹಚ್ಚಿದರು. ದೀಪ ಎರಡು ಕ್ಷಣ ಚೆನ್ನಾಗಿಯೇ ಉರಿಯಿತು.

ಆಮೇಲೆ, ಚಟ್.

ಹಿರಿಯ ಲಾಮಾ ಒಂದು ಹುಬ್ಬು ಎತ್ತಿದರು. ಚಟ್ ಚಟ್ ಚಟಾರ್! ದೀಪ ಕಿಡಿ ಹಾರಿಸಿತು. ಮಂತ್ರ ನಿಂತಿತು.

"ಬೆಣ್ಣೇಲಿ ಏನಾದ್ರೂ ಸೇರಿತ್ತೇನಪ್ಪಾ?" ಎಂದರು ಲಾಮಾ, ಮುತುಪ್‌ ಕಡೆ ತಿರುಗಿ.

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಮತ್ತೆ ಸಿಗಲಿಲ್ಲ. ಬಾಯಿ ತೆರೆದ. ಅಷ್ಟರಲ್ಲಿ ಗೋಬಾನ ತಂಗಿ ಪಲ್ಮೊ ಎದೆಗೆ ಕೈಯಿಟ್ಟು, "ಅಯ್ಯೋ, ಮೇಮೆ ಅಂಗ್ದುಸ್ ಏನೋ ಹೇಳ್ತಿದಾರೆ!" ಎಂದುಬಿಟ್ಟಳು.

ಚಟ್ ಚಟ್, ಎಂದಿತು ದೀಪ.

"ಕೋಪ ಬಂದಿದೆ!" ಎಂದಳು ಪಲ್ಮೊ. "ಬದುಕಿದ್ದಾಗ್ಲೂ ಹಿಂಗೇ ಮಾತಾಡೋರು!"

ಮುತುಪ್ ತೆರೆದ ಬಾಯಿ ಮುಚ್ಚಿದ. ಲಾಮಾ ಇಬ್ಬರನ್ನೂ ನೋಡಿ, ನಿಟ್ಟುಸಿರು ಬಿಟ್ಟು, ಮಂತ್ರ ಮುಂದುವರಿಸಿದರು. ಪಲ್ಮೊ ಮಾತ್ರ ಪೂಜೆ ಮುಗಿಯುವವರೆಗೂ ಕಾಯಲಿಲ್ಲ. ಫೋನಿಗೆ ಸಿಗ್ನಲ್ ಸಿಗುವುದು ಗೊಂಪದ ಮಾಡಿನ ಮೇಲೆ ಎಂದು ಅವಳಿಗೆ ಗೊತ್ತಿತ್ತು.

ಮುತುಪ್ ನಡೆದು ಊರು ಮುಟ್ಟುವುದರೊಳಗೆ ಸುದ್ದಿ ನಮ್ಮೂರನ್ನು ಏಳು ಸುತ್ತು ಸುತ್ತಿತ್ತು. ಅಂಗ್ದುಸ್ ಸಿಟ್ಟಾಗಿದ್ದಾನೆ, ದಾರಿ ಹಿಡಿಯಲೊಲ್ಲ, ಏನೋ ಬಾಕಿ ಇದೆ ಅನ್ನುತ್ತಿದ್ದಾನೆ. ಯಾರ ಮೇಲೆ ಸಿಟ್ಟು ಎಂದು ದೀಪ ಹೇಳಿರಲಿಲ್ಲ. ಹೇಳಿದ್ದರೆ ಒಬ್ಬನಿಗೆ ಕಷ್ಟವಾಗುತ್ತಿತ್ತು, ಹೇಳದೆ ಇದ್ದದ್ದರಿಂದ ಊರಿಗೇ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮೂರಲ್ಲಿ ಹೆಗಲು ಮುಟ್ಟಿಕೊಳ್ಳದವರೇ ಇರಲಿಲ್ಲ.

ತರ್ಚಿನ್ ಒಂದು ದೊಡ್ಡ ತಾಮ್ರದ ಹಂಡೆ ಹೊತ್ತು ಅಬಿಯ ಮನೆಗೆ ಬಂದ. ತಮ್ಮನ ಮದುವೆಗೆಂದು ಎರವಲು ತಂದದ್ದು. ತಮ್ಮನ ಮಗಳಿಗೇ ಈಗ ಮದುವೆ ವಯಸ್ಸು. ಗೋಬಾ ಪಲ್ಜೊರ್ ಹಾರೆ ಹಿಡಿದು ಹೊಲದ ಕಡೆ ಹೋದ. ಎಲ್ಲಿಗೆ ಎಂದರೆ, "ಗಡಿಕಲ್ಲು ಒಂಚೂರು ವಾಲಿದೆ, ಸರಿ ಮಾಡ್ತೀನಿ" ಎಂದ. ಆ ಕಲ್ಲು ವರ್ಷಕ್ಕೊಮ್ಮೆ ಅಂಗ್ದುಸ್‌ನ ಹೊಲದ ಕಡೆಗೇ ವಾಲುತ್ತಿತ್ತು. ಯಾಂಗ್ಡೋಲ್ ಎರಡು ಕೋಳಿ ಹಿಡಿದು ತಂದಳು. "ಒಂದು ನಿಮ್ದು ಅಬಿ ಲೆ, ಇನ್ನೊಂದು ಅದರ ಮಗಳು." ಈ ಕಥೆ ಹೇಳುತ್ತಿರುವ ನಾನೂ ಒಂದು ಕೊಡಲಿ ಕೊಟ್ಟು ಬಂದೆ. ಆ ವಿಷಯ ಇಲ್ಲಿ ಬೇಡ.

ಆರೋಗ್ಯ ಕೇಂದ್ರದ ಕಂಪೌಂಡರ್ ಗ್ಯಾಲ್ಸನ್ ಕೂಡ ಬೆವರೊರೆಸಿಕೊಂಡು ಬಂದ. ಬಿ.ಪಿ. ಜಾಸ್ತಿಯಿದೆ, ಚಹಾಕ್ಕೆ ಉಪ್ಪು ಹಾಕಬೇಡಿ ಎಂದು ಮೂರು ವರ್ಷದ ಹಿಂದೆ ಅಂಗ್ದುಸ್‌ಗೆ ಹೇಳಿದವನು ಅವನೇ. "ನಾನು ಕಮ್ಮಿ ಮಾಡಿ ಅಂದೆ ಅಬಿ ಲೆ. ಪೂರ್ತಿ ಬಿಡಿ ಅಂದ್ನಾ? ಸರ್ಕಾರದವ್ರು ಹೇಳು ಅಂತಾರೆ, ನಾನು ಹೇಳ್ತೀನಿ. ದೀಪ ಏನಾದ್ರೂ ನನ್ನ ಕಡೆಗೆ…"

ಹಂಡೆ, ಕೋಳಿ, ಕೊಡಲಿ ಯಾವುದರ ಕಡೆಯೂ ಅಬಿ ನೋಡಲಿಲ್ಲ. ಸುದ್ದಿ ಬಂದಾಗಿನಿಂದ ಅವಳು ಒಲೆಯ ಮುಂದೆ ಸುಮ್ಮನೆ ಕೂತಿದ್ದಳು.

ಮುತುಪ್ ಊರಿಗೆ ಬಂದ. ಬರುವಾಗ ಲ್ಹಾಝೆಸ್‌ಳ ಹಳ್ಳಿಯನ್ನು ತಪ್ಪಿಸಲು ಬೆಟ್ಟ ಸುತ್ತಿ, ದಾರಿ ತಪ್ಪಿ, ಪೊದೆಯಲ್ಲಿ ತನ್ನ ಉದ್ದ ನಿಲುವಂಗಿ ಗೊಂಚಾ ಹರಿದುಕೊಂಡು ಬಂದಿದ್ದ. ಸದ್ದಿಲ್ಲದೆ ಹಿತ್ತಲಿನಿಂದ ನುಸುಳಬೇಕೆಂದಿದ್ದವನಿಗೆ ಮಣಿ ಗೋಡೆಯ ಹತ್ತಿರ ಊರಿಗೆ ಊರೇ ಕಾದಿದ್ದು ಕಾಣಿಸಿತು. ಒಬ್ಬೊಬ್ಬರ ಕೈಯಲ್ಲೂ ಬಿಳಿಯ ಕತಾಗ್. ದೊಡ್ಡ ಲಾಮಾ ಬಂದಾಗ ಕೊರಳಿಗೆ ಹಾಕುತ್ತೇವಲ್ಲ, ಆ ಶಲ್ಯ.

"ನೀನು ಪುಣ್ಯವಂತ ಕಣಪ್ಪಾ" ಎಂದ ತರ್ಚಿನ್, ಕತಾಗ್ ಹಾಕುತ್ತ. ಕಿವಿಯ ಹತ್ತಿರ ಬಾಗಿ, "ನನ್ನ ಹೆಸರೇನಾದ್ರೂ ಬಂತಾ?" ಎಂದ.

"ಇಲ್ಲ ಮಾರಾಯ. ದೀಪಕ್ಕೆಲ್ಲಿ ಬಾಯಿ…"

"ನೀನು ದೊಡ್ಡೋನು. ಹೇಳಲ್ಲ. ಗೊತ್ತಾಯ್ತು" ಎಂದು ತರ್ಚಿನ್ ಕಣ್ಣೊರೆಸಿಕೊಂಡ.

ಗೋಬಾ ಕತಾಗ್ ಹಾಕಿದ. "ಕಲ್ಲು ಸರಿಯಾಯ್ತು. ದೀಪ ಏನಾದ್ರೂ ಮತ್ತೆ ಮಾತಾಡಿದ್ರೆ ಅಷ್ಟು ತಿಳಿಸಿಬಿಡು."

"ಏನು ಕಲ್ಲು?" ಎಂದ ಮುತುಪ್.

"ಅದೇ, ಅದೇ. ನೀನೂ ಕೇಳಲ್ಲ, ನಾನೂ ಹೇಳಲ್ಲ."

ಕತಾಗ್ ಮೇಲೆ ಕತಾಗ್ ಬಿದ್ದು ಮುತುಪ್‌ನ ಗದ್ದ ಮುಳುಗಿತು. ನಾಚಿಕೆಯಿಂದ ಮುಖ ಬಗ್ಗಿಸಿದರೆ ವಿನಯ ಎಂದರು. ಮಾತಾಡದಿದ್ದರೆ ಮೌನವ್ರತ ಎಂದರು. ಹಾಗೇ ಮೆರವಣಿಗೆಯಲ್ಲಿ ಅಬಿಯ ಮನೆಗೆ ಕರೆದೊಯ್ದು, ಸಾಲಿನ ಎಲ್ಲಕ್ಕಿಂತ ಮೇಲಿನ ಜಾಗದಲ್ಲಿ, ಲಾಮಾ ಕೂರುವ ಜಮಖಾನದ ಪಕ್ಕದಲ್ಲೇ ಕೂರಿಸಿದರು. ಅವನು ಕೆಳಕ್ಕೆ ಜಾರಿದಷ್ಟೂ ಮೇಲಕ್ಕೆ ಎಳೆದರು.

ಅಬಿ ತನಗೊಂದು ಬಟ್ಟಲು ಚಹಾ ಬಗ್ಗಿಸಿಕೊಂಡು ಕುಡಿದಳು, ಮುಖ ಸಣ್ಣಗೆ ಕಿವುಚಿಕೊಂಡಿತು. ಯಾಂಗ್ಡೋಲ್ ಮೆಲ್ಲಗೆ ಗಂಡನಿಗೆ ಹೇಳಿದಳು. "ಉಪ್ಪು ಬಿಟ್ಟಿದಾರೆ. ಚಹಾಕ್ಕೂ ಇಲ್ಲ, ಊಟಕ್ಕೂ ಇಲ್ಲ. ಸಾಯೋವರ್ಗೂ ಮುಟ್ಟಲ್ವಂತೆ."

"ಮುತುಪ್" ಎಂದಳು ಅಬಿ. "ನೀನು ದೀಪದ ಹತ್ರಾನೇ ಇದ್ದೆ. ನಂಗೆ ನಿಜ ಹೇಳು. ಮೂರು ವರ್ಷ ನಾನು ಅವ್ರಿಗೆ ಸಪ್ಪೆ ಚಹಾ ಕುಡಿಸಿದೆ. ಹೋಗೋ ದಿನ ಬೆಳಿಗ್ಗೇನೂ ಕೇಳಿದ್ರು, 'ಒಂದೇ ಒಂದು ಚಿಟಿಕೆ ಹಾಕೇ, ಯಾರ್ಗೂ ಹೇಳಲ್ಲ' ಅಂತ. ನಾನು ಗದರಿದೆ. ಸಪ್ಪೇದನ್ನೇ ಕುಡಿದು ಹೋದ್ರು." ಅವಳು ಬಟ್ಟಲನ್ನು ಕೆಳಗಿಟ್ಟಳು. "ಅದನ್ನೇ ಕೇಳ್ತಿದ್ರಾ?"

ಗ್ಯಾಲ್ಸನ್ ಕಂಬದ ಹಿಂದೆ ಸರಿದ.

ಮುತುಪ್ 'ಇಲ್ಲ ಅಬಿ, ಅವರು ಸಂತೋಷವಾಗಿದ್ದಾರೆ' ಎಂದುಬಿಟ್ಟಿದ್ದರೆ ಊರು ನಂಬುತ್ತಿತ್ತು. ಕತಾಗ್‌ಗಳು ಕೊರಳಲ್ಲೇ ಉಳಿಯುತ್ತಿದ್ದವು. ಅವನು ಅದಕ್ಕೇ ಬಾಯಿ ತೆರೆದದ್ದು ಎಂದು ನನಗೆ ಈಗಲೂ ಅನುಮಾನ. ಆದರೆ ಅಬಿ ಆ ಸಪ್ಪೆ ಬಟ್ಟಲನ್ನು ಮತ್ತೆ ತುಟಿಗಿಟ್ಟಳು. ಮುತುಪ್ ಎದ್ದು ನಿಂತ.

"ಅದು ಮೇಮೆ ಅಲ್ಲ ಅಬಿ ಲೆ. ಅದು ಬೆಣ್ಣೆ. ಪ್ಯಾಕೆಟ್ ಬೆಣ್ಣೆ. ಬ್ರೆಡ್ಡಿಂದು."

"ಏನಂದೆ?"

"ನಿಮ್ಮ ಬೆಣ್ಣೆ… ಅದನ್ನ ನಾನು… ನಡುಗಂಬದ ಹತ್ರ ಇಟ್ಟೆ. ಅವಳು ಉಡುಗೊರೆ ಅಂದ್ಕೊಂಡಳು. ನಂಗೊತ್ತಿರ್ಲಿಲ್ಲ. ಗೊತ್ತಿಲ್ದೆ ಕುಡಿದೆ. ಚಹಾದಲ್ಲಿ. ತುಂಬ ಕುಡಿದೆ." ಮಾತು ಹಿಂದುಮುಂದಾಗಿ, ಲ್ಹಾಝೆಸ್, ಜರ್ದಾಲು, ಡೇರೆ, ಸೇತುವೆ ತೋರಿಸಿದ ವಿದೇಶಿಯರು, ಎಲ್ಲ ಒಂದರ ಮೇಲೊಂದು ಉರುಳಿದವು. ಕೊನೆಗೆ, "ಲಾಮಾ ಕೇಳಿದಾಗ್ಲೂ ಹೇಳ್ಲಿಲ್ಲ. ನಾಚಿಕೆ ಆಯ್ತು" ಎಂದು ನಿಲ್ಲಿಸಿದ. ಕಣ್ಣಲ್ಲಿ ನೀರಿತ್ತು.

ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಬಿದ್ದದ್ದು ಮಾತ್ರ ತರ್ಚಿನ್‌ನ ಧ್ವನಿ.

"ಹಾಗಾದ್ರೆ ನನ್ನ ಹಂಡೆ?"

"ನಿನ್ನದಾ?" ಎಂದಳು ಅಬಿ.

"ಅಲ್ಲ… ನಿಮ್ದೇ… ಸುಮ್ನೆ ಕೇಳ್ದೆ" ಎಂದು ತರ್ಚಿನ್ ಕೂತುಬಿಟ್ಟ. ಗೋಬಾ ಗಡಿಕಲ್ಲಿನ ಬಗ್ಗೆ ಏನೋ ಹೇಳಲು ಹೋಗಿ ಕೆಮ್ಮಿದ. ನಾನು ನನ್ನ ಕೊಡಲಿಯ ಕಡೆ ಒಮ್ಮೆ ನೋಡಿ ಬೇರೆ ಕಡೆ ನೋಡಿದೆ. ಮುತುಪ್‌ ಮೇಲೆ ನಮಗೆ ಬಂದ ಸಿಟ್ಟು ಬೆಣ್ಣೆಗಾಗಿ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅದನ್ನು ಹೇಳುವ ಹಾಗಿರಲಿಲ್ಲ. ಯಾಂಗ್ಡೋಲ್ ಮಾತ್ರ ಗಂಡನ ಹತ್ತಿರ ಬಂದು ಕೊರಳಿನಿಂದ ಕತಾಗ್‌ಗಳನ್ನು ಒಂದೊಂದಾಗಿ ತೆಗೆದು, ಮಡಿಸಿ, ಹಾಕಿದವರಿಗೆ ಹಿಂದಿರುಗಿಸಿದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಅಬಿ ಮುತುಪ್ ಕಡೆ ತಿರುಗಿ ಕೇಳಿದಳು.

"ಆ ಬೆಣ್ಣೇಲಿ ಉಪ್ಪಿತ್ತಾ?"

"ಇತ್ತು ಅಬಿ ಲೆ. ಅದಕ್ಕೇ ಚಟಗುಟ್ಟಿದ್ದು."

"ಜಾಸ್ತಿ ಇತ್ತಾ?"

"ತುಂಬ ಇತ್ತು."

"ಕೊನೇ ಹನಿವರ್ಗೂ ಉರೀತಾ?"

"ಕೊನೇ ಹನಿವರ್ಗೂ ಉರೀತು. ನಾನು ಕೂತೇ ಇದ್ದೆ."

ಅಬಿಯ ಭುಜ ಅಲುಗಿತು. ಅಳುತ್ತಿದ್ದಾಳೆಂದು ಹೆಂಗಸರು ಎದ್ದರು. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಅಂತೂ ಗಿಟ್ಟಿಸ್ಕೊಂಡ್ರಲ್ಲ! ನಾನು ಕೊಡಲ್ಲ ಅಂದ್ರೂ ಗಿಟ್ಟಿಸ್ಕೊಂಡೇ ಹೋದ್ರು ನೋಡ್ರೇ!" ಕೈ ಚಾಚಿ ಉಪ್ಪಿನ ಡಬ್ಬಿ ತೆಗೆದು, ದೊಡ್ಡ ಚಿಟಿಕೆ ಉಪ್ಪು ತನ್ನ ಬಟ್ಟಲಿಗೆ ಹಾಕಿ, ಕಲಕಿ, ಕುಡಿದಳು. ಗ್ಯಾಲ್ಸನ್ ಏನೋ ಅನ್ನಲು ಹೊರಟ, ನಾಲ್ಕು ಹೆಂಗಸರು ಒಟ್ಟಿಗೆ ನೋಡಿದರು, ಸುಮ್ಮನಾದ.

ಮುತುಪ್ ಇನ್ನೂ ನಿಂತೇ ಇದ್ದ. "ನನ್ನ ಬೆಣ್ಣೆ ಹೇಗಿತ್ತೋ?" ಎಂದಳು ಅಬಿ.

ಅವನು ತಲೆ ತಗ್ಗಿಸಿದ. "ಚೆನ್ನಾಗಿತ್ತು ಅಬಿ ಲೆ."

"ಆ ಹಳ್ಳಿಯವ್ರಿಗೆ?"

"ಅವ್ರೂ… ಅವ್ರೂ ಚೆನ್ನಾಗಿದೆ ಅಂದ್ರು."

"ಹಸು ಕರ ಹಾಕಿದ ಮೇಲೆ ಇನ್ನೆರಡು ಚೀಲ ಕೊಡ್ತೀನಿ. ಒಂದನ್ನ ಆ ಹೆಣ್ಣುಮಗಳ ನಡುಗಂಬದ ಹತ್ರ ಇಡು. ಇನ್ನೊಂದನ್ನ ತಲೆದಿಂಬು ಮಾಡ್ಕೊಂಡು ಮಲಗು, ಗೊಂಗ್ಮಾದಲ್ಲಿ ಹಚ್ಚು. ನಡ್ಕೊಂಡು ಹೋಗು." ಅವಳು ನಮ್ಮೆಲ್ಲರ ಕಡೆ ಬೆರಳು ತೋರಿಸಿದಳು. "ಸತ್ತವರ ದೀಪದ ಬೆಣ್ಣೆ ತಿನ್ನಿಸಿಬಿಟ್ಟೆ ಅಂತ ಆ ಹೆಣ್ಣುಮಗಳಿಗೆ ಗೊತ್ತಾದ್ರೆ ಜೀವ ಇಡ್ತಾಳಾ? ಯಾರಾದ್ರೂ ಬಾಯಿ ಬಿಟ್ರೆ ನೋಡಿ. ನಂಗೆ ಇನ್ನೂ ಎಷ್ಟೋ ಸಾಮಾನು ವಾಪಸ್ ಬರೋದಿದೆ, ಯಾರ್‍ಯಾರ ಮನೇಲಿ ಏನೇನಿದೆ ಗೊತ್ತು."

ನಾವು ಬಾಯಿ ಬಿಡಲಿಲ್ಲ. ಮುತುಪ್ ಎರಡು ಚೀಲ ಹೊತ್ತು ನಡೆದು ಹೋದ, ನಡೆದು ಬಂದ. ಏನಾಯಿತೆಂದು ಅವನು ಹೇಳಲಿಲ್ಲ. ನಮಗೆ ಗೊತ್ತಾದದ್ದು ಆ ಚಳಿಗಾಲದಲ್ಲಿ, ಶರ್ಲಿಂಗ್‌ನ ಹಬ್ಬಕ್ಕೆ ನಾವೆಲ್ಲ ಜೀಪಿನಲ್ಲಿ ಹೋದಾಗ. ಲ್ಹಾಝೆಸ್ ನಮ್ಮನ್ನು ಹುಡುಕಿಕೊಂಡು ಬಂದಳು.

"ನಿಮ್ಮೂರ ಮುತುಪ್ ಲೆ ದೇವರಂಥ ಮನುಷ್ಯ. ಮತ್ತೆ ಬೆಣ್ಣೆ ತಂದಿದ್ರು. ಆದ್ರೆ ನಾನೇನೋ ತಪ್ಪು ಮಾಡಿದೆ ಅನ್ಸುತ್ತೆ. ಚಹಾ ಕೊಟ್ಟು, 'ಉಪ್ಪು ಸರಿಯಿದೆಯಾ ಆಚೋ ಲೆ' ಅಂತ ಕೇಳಿದೆ, ಅಷ್ಟೇ. ಮಗು ಥರ ಅತ್ತುಬಿಟ್ರು. ಯಾಕೆ?"

ನಾವೆಲ್ಲ ನೆಲ ನೋಡಿದೆವು. ಒಬ್ಬರ ಮುಖ ಒಬ್ಬರು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಗೋಬಾ ಪಲ್ಜೊರ್, ಊರ ಮುಖಂಡ ಎಂಬ ಜವಾಬ್ದಾರಿಯಿಂದ, ಗಂಟಲು ಸರಿಮಾಡಿಕೊಂಡ.

"ಅವನಿಗೆ ಬಿ.ಪಿ. ಇದೆ ತಾಯಿ" ಎಂದ. "ಕಂಪೌಂಡರ್ ಉಪ್ಪು ಮುಟ್ಟಬೇಡ ಅಂದಿದಾನೆ. ನೀನು ಬೇಜಾರು ಮಾಡ್ಕೊಳ್ತೀಯ ಅಂತ ಹೇಳಿಲ್ಲ, ಪಾಪ."

"ಅಯ್ಯಯ್ಯೋ!" ಎಂದು ಲ್ಹಾಝೆಸ್ ಕೆನ್ನೆ ಕೆನ್ನೆ ಬಡಿದುಕೊಂಡಳು. "ಮೊದ್ಲೇ ಹೇಳ್ಬಾರ್ದಿತ್ತಾ!"

ಅಂದಿನಿಂದ ವರ್ಷಕ್ಕೊಮ್ಮೆ ಮುತುಪ್ ಅಬಿಯ ಬೆಣ್ಣೆ ಹೊತ್ತು ಆ ದಾರಿಯಲ್ಲಿ ನಡೆಯುತ್ತಾನೆ. ಈಗ ಅವನಿಗೆ ದಾರಿ ನಿಜಕ್ಕೂ ಗೊತ್ತು, ಆದರೆ ಯಾರಾದರೂ ಕೇಳಿದರೆ ಜೀಪು ನಿಲ್ಲುವ ಜಾಗ ತೋರಿಸುತ್ತಾನೆ. ಘಾಟಿಯ ಬುಡದ ಮನೆಯಲ್ಲಿ ಲ್ಹಾಝೆಸ್ ಅವನಿಗೆಂದೇ ಬೇರೆ ಪಾತ್ರೆಯಲ್ಲಿ, ಒಂದು ಹರಳು ಉಪ್ಪೂ ಬೀಳದಂತೆ ಎಚ್ಚರವಹಿಸಿ ಚಹಾ ಮಾಡುತ್ತಾಳೆ. ಅವನು ಬೇಡ ಎನ್ನುತ್ತಾನೆ, ಅವಳು ಬಟ್ಟಲು ತುಂಬುತ್ತಾಳೆ. ಅವನು ಮುಖ ಕಿವುಚದೆ ಕುಡಿದು, "ಚೆನ್ನಾಗಿದೆಯಮ್ಮಾ" ಎನ್ನುತ್ತಾನೆ, ಅವಳು ಮತ್ತೆ ತುಂಬುತ್ತಾಳೆ.